ಮೀನಿನ ಹೇನು ಮತ್ತು ಬೇವು

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಕಡೆ ಹೋದರೆ ಬೇವಿನ ಮರ ನಿಮ್ಮ ಕಣ್ಣಿಗೆ ಬೀಳದೆ ಇರದು. ಕಾಳಿಗೆ ಹುಳು ಹತ್ತದಿರಲೆಂದು ಅದರ ಎಲೆ ಬೆರೆಸುವುದು ನಿಮಗೆ ಗೊತ್ತು. ಕೆರೆಯಲ್ಲಿ ಸಾಕಿದ ಮೀನಿಗೆ ಹೇನು ಹತ್ತಿದರೂ ಬೇವು ಉಪಯೋಗಕ್ಕೆ ಬಂದೀತೆ?

ಮೀನಿಗೂ ಗಿಡಮರಗಳಿಗೂ ಇರುವ ಹಳೆಯ ನಂಟು ಮದ್ದಿನದಲ್ಲ, ವಿಷದ್ದು. ಕಾರೆಕಾಯಿ ಜಜ್ಜಿ ಮಡುವಿಗೆ ಹಾಕಿ, ಮತ್ತೇರಿ ತೇಲುವ ಮೀನನ್ನು ಹಿಡಿಯುವುದು ಹಳೆಯ ಪದ್ಧತಿ. ಸಾಕಣೆದಾರರೂ ಮರಿ ಬಿಡುವ ಮೊದಲು ಬೇಡದ ಮೀನುಗಳನ್ನು ಕೊಲ್ಲಲು ಹೆಕ್ಟೇರಿಗೆ 2500 ಕಿಲೋಗ್ರಾಮ್ ಹಿಪ್ಪೆ ಹಿಂಡಿ ಹಾಕುವುದುಂಟು. ಅದರಲ್ಲಿರುವ ಸ್ಯಾಪೊನಿನ್ ಮೀನಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ನೀರು ಒಂದು ಮೀಟರ್ ಆಳವಿದ್ದರೆ ಹೆಕ್ಟೇರಿಗೆ ಒಂದು ಕೋಟಿ ಲೀಟರ್. ಅಂದರೆ ಲೀಟರಿಗೆ 250 ಮಿಲಿಗ್ರಾಮ್ ಹಿಂಡಿ. ಈ ಲೆಕ್ಕ ನೆನಪಿರಲಿ.

1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ನದಿಯಲ್ಲಿ ಮರಿ ಹುಡುಕುವ ಕಷ್ಟ ತಪ್ಪಿತು. ಕಾಟ್ಲಾ, ರೋಹು ಗಂಗೆಯ ಬಯಲಿನಿಂದ ನಮ್ಮ ಕೆರೆಗಳವರೆಗೆ ಬಂದವು. ಆದರೆ ಒತ್ತೊತ್ತಾಗಿ ಸಾಕಿದಲ್ಲಿ ಪರಾವಲಂಬಿಗಳಿಗೂ ಹಬ್ಬ. ಆರ್ಗುಲಸ್, ಅಂದರೆ ಮೀನು ಹೇನು, ಹೆಸರಿಗೆ ಮಾತ್ರ ಹೇನು. ಅದು ಸಿಗಡಿ, ಏಡಿಗಳ ದೂರದ ನೆಂಟ. ಎರಡು ಹೀರುಬಟ್ಟಲುಗಳಿಂದ ಮೀನಿಗೆ ಅಂಟಿ, ಸೂಜಿಯಂಥ ಅಂಗದಿಂದ ಚುಚ್ಚುತ್ತದೆ. ಮೀನು ಮೈಯನ್ನು ಕಲ್ಲಿಗೆ ಉಜ್ಜಿ ಹುಣ್ಣು ಮಾಡಿಕೊಳ್ಳುತ್ತದೆ.

ಇದಕ್ಕೆ ಮೊದಲು ಬಂದದ್ದು ಕೀಟನಾಶಕಗಳು. ಡೆಲ್ಟಾಮೆಥ್ರಿನ್ ಮುಂತಾದ ಪೈರೆಥ್ರಾಯ್ಡ್‌ಗಳಿಗೆ ಮಾದರಿ ಸೇವಂತಿಗೆಯ ಸಂಬಂಧಿಯಾದ ಪೈರೆಥ್ರಮ್ ಹೂವಿನ ವಿಷ ಎಂಬುದನ್ನು ನಾವು ಮರೆಯುತ್ತೇವೆ. 'ಸಸ್ಯಮೂಲ' ಎಂದೊಡನೆ ನಿರಪಾಯವೆಂದು ನಂಬುವವರು ಇದನ್ನು ಗಮನಿಸಬೇಕು. ಪೈರೆಥ್ರಾಯ್ಡ್ ಮಾತ್ರೆ ಮೀರಿದರೆ ಹೇನಿನ ಜೊತೆ ಮೀನೂ ಸಾಯುತ್ತದೆ.

ಬೇವಿನ ದಾರಿ ಬೇರೆ. 1968ರಲ್ಲಿ ಬ್ರಿಟನ್ನಿನ ಬಟರ್‌ವರ್ತ್ ಮತ್ತು ಮಾರ್ಗನ್ ಬೇವಿನ ಬೀಜದಿಂದ ಅಜಾಡಿರಾಕ್ಟಿನ್ ಬೇರ್ಪಡಿಸಿದರು. ಅವರ ಗಮನವಿದ್ದದ್ದು ಮಿಡತೆಗಳ ಮೇಲೆ. ಈ ಸಂಯುಕ್ತ ಕೀಟಗಳು ಪೊರೆ ಕಳಚುವ ಕ್ರಿಯೆಯನ್ನು ಕೆಡಿಸುತ್ತದೆ. ಆರ್ಗುಲಸ್ ಕೂಡ ಪೊರೆ ಕಳಚಿ ಬೆಳೆಯುವ ಜೀವಿ, ಮೀನು ಹಾಗಲ್ಲ. ಈ ವ್ಯತ್ಯಾಸವೇ ಬೇವಿನ ಮೇಲಿನ ಆಸೆಗೆ ಆಧಾರ. 2010ರ ದಶಕದಲ್ಲಿ ಮುಂಬೈನ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯ ಸಂಶೋಧಕರು ಗೋಲ್ಡ್‌ಫಿಶ್‌ಗಳಲ್ಲಿ ಅಜಾಡಿರಾಕ್ಟಿನ್ನನ್ನೂ ಕರಿಮೆಣಸಿನ ಪೈಪರಿನ್ನನ್ನೂ ಪರೀಕ್ಷಿಸಿ, ಹೇನು ಕಡಿಮೆಯಾದುದನ್ನು ಕಂಡರು.

ಆದರೆ ಗಾಜಿನ ತೊಟ್ಟಿಯಿಂದ ಕೆರೆಗೆ ಬನ್ನಿ. ಲೀಟರಿಗೆ 15 ಮಿಲಿಗ್ರಾಮ್ ಸಾಕೆಂದೇ ಇಟ್ಟುಕೊಳ್ಳಿ. ಒಂದು ಕೋಟಿ ಲೀಟರಿಗೆ 150 ಕಿಲೋಗ್ರಾಮ್ ಅಜಾಡಿರಾಕ್ಟಿನ್ ಬೇಕು! ಯಾವ ರೈತ ಕೊಂಡಾನು? ಇನ್ನೊಂದು ತೊಡಕು: ಕಾಟ್ಲಾ ತಿನ್ನುವ ಡಾಫ್ನಿಯಾದಂಥ ಸೂಕ್ಷ್ಮಜೀವಿಗಳೂ ಪೊರೆ ಕಳಚುವ ವರ್ಗದವೇ. ಕೆರೆಗೆಲ್ಲ ಮದ್ದು ಸುರಿದರೆ ಮೀನಿನ ಊಟಕ್ಕೇ ಸಂಚಕಾರ. ಹಾಗಾಗಿ ಮೀನನ್ನು ಸಣ್ಣ ತೊಟ್ಟಿಯಲ್ಲಿ ಅದ್ದುವುದು ಅಥವಾ ಮೇವಿನಲ್ಲಿ ಮದ್ದು ಬೆರೆಸುವುದು ಹೆಚ್ಚು ಕಾರ್ಯಸಾಧ್ಯ ಎಂಬುದು ನನ್ನ ಅಭಿಪ್ರಾಯ.

ಮದ್ದಿಲ್ಲದ ಉಪಾಯವೂ ಒಂದಿದೆ. ಹೇನು ಮೊಟ್ಟೆಯಿಡಲು ಮೀನನ್ನು ಬಿಟ್ಟು ಕಲ್ಲು, ಕಡ್ಡಿಯಂಥ ಗಟ್ಟಿ ವಸ್ತುವನ್ನು ಹುಡುಕುತ್ತದೆ. ಕೆರೆಯಲ್ಲಿ ಬಿದಿರಿನ ಗಳ ನೆಟ್ಟು, ಮೊಟ್ಟೆ ಒಡೆಯುವ ಮೊದಲೇ ಕಿತ್ತು ಬಿಸಿಲಿಗೆ ಒಣಗಿಸಿ, ಮತ್ತೆ ನೆಡುತ್ತಾರೆ.