ನಾಯಿ, ನೆಂಟರು ಮತ್ತು ಹೊಸಿಲು

ಹಬ್ಬಕ್ಕೋ ಗೃಹಪ್ರವೇಶಕ್ಕೋ ನೆಂಟರೆಲ್ಲ ಸೇರುವಾಗ ಸಾಕಿದ ನಾಯಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಬರೋದು ಈಗಿನವರ ಖಯಾಲಿ, ನಮ್ಮ ಸಂಸ್ಕೃತಿಯಲ್ಲಿ ಇದೆಲ್ಲ ಇರಲಿಲ್ಲ ಅನ್ನೋ ಮಾತನ್ನ ನೀವೂ ಕೇಳಿರ್ತೀರಿ. ನಾಯಿ ಸಾಕಿದವರು ಇದಕ್ಕೆ ಮುನಿಸಿಕೊಂಡು ಉತ್ತರ ಕೊಡ್ತಾರೆ, ಇಲ್ಲಾ ಊರಿಗೆ ಹೋಗೋದನ್ನೇ ಬಿಡ್ತಾರೆ. ನನಗೆ ಬೇಜಾರಾಗೋದು ಆ ಎರಡನೆಯದಕ್ಕೆ. ವರ್ಷಕ್ಕೊಮ್ಮೆ ಸೇರೋ ಮನೆಯಲ್ಲಿ ಈ ಸಲ ಒಂದು ಎಲೆ ಕಮ್ಮಿ ಆದರೆ ಮುಂದಿನ ಸಲ ನಾಲ್ಕು ಕಮ್ಮಿ ಆಗುತ್ತೆ. ಹಾಗಾಗಿ ಈ ಸಂಸ್ಕೃತಿಯನ್ನ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ ಅನ್ನಿಸ್ತು.

ಮಹಾಭಾರತದ ಆರಂಭದಲ್ಲೂ ಒಂದು ನಾಯಿ ಇದೆ, ಕೊನೆಯಲ್ಲೂ ಒಂದು ನಾಯಿ ಇದೆ. ಆದಿಪರ್ವದಲ್ಲಿ ಜನಮೇಜಯ ತನ್ನ ತಮ್ಮಂದಿರ ಜೊತೆ ಕುರುಕ್ಷೇತ್ರದಲ್ಲಿ ಯಾಗಕ್ಕೆ ಕೂತಿರುವಾಗ, ದೇವತೆಗಳ ನಾಯಿ ಸರಮೆಯ ಮರಿ ಅಲ್ಲಿಗೆ ಬರುತ್ತೆ. ತಮ್ಮಂದಿರು ಹೊಡೆದು ಓಡಿಸ್ತಾರೆ. ಪಾಪ, ಅದು ಹವಿಸ್ಸನ್ನ ನೆಕ್ಕಿರಲಿಲ್ಲ, ಆ ಕಡೆ ನೋಡಿಯೂ ಇರಲಿಲ್ಲ. ಸರಮೆ ಬಂದು, ತಪ್ಪು ಮಾಡದವನಿಗೆ ಯಾಕೆ ಹೊಡೆದಿರಿ ಅಂತ ಕೇಳಿದರೆ ಯಾರೂ ಬಾಯಿ ಬಿಡಲ್ಲ. ಎಣಿಸದ ಕಡೆಯಿಂದ ನಿನಗೆ ಭಯ ಬರಲಿ ಅಂತ ಅರಸನಿಗೆ ಶಾಪ ಕೊಟ್ಟು ಹೋಗ್ತಾಳೆ.

ಕೊನೆಯದು ಎಲ್ಲರಿಗೂ ಗೊತ್ತಿರೋ ಕಥೆ. ದಾರಿಯಲ್ಲಿ ದ್ರೌಪದಿ, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಯನ ಜೊತೆ ಉಳಿದದ್ದು ಒಂದು ನಾಯಿ. ಇಂದ್ರ ರಥ ತಂದು, ನಿನ್ನವರೆಲ್ಲ ಆಗಲೇ ಮೇಲೆ ಹೋಗಿದ್ದಾರೆ, ಹತ್ತು ಅಂತಾನೆ. ಅಂದರೆ ಒಳಗೆ ಕುಟುಂಬ ಕಾದಿದೆ, ಬಾಗಿಲಲ್ಲಿ ನಾಯಿಯ ತಕರಾರು! ನಾಯಿ ಇಟ್ಟುಕೊಂಡವರಿಗೆ ಸ್ವರ್ಗದಲ್ಲಿ ಜಾಗ ಇಲ್ಲ, ಮಾಡಿದ ಪುಣ್ಯವೂ ಹೋಗುತ್ತೆ ಅನ್ನೋದು ಇಂದ್ರನ ವಾದ. ನಂಬಿ ಬಂದದ್ದನ್ನ ಬಿಟ್ಟು ಬರಲ್ಲ ಅನ್ನೋದು ಧರ್ಮರಾಯನ ಹಟ. ಗೆದ್ದದ್ದು ಹಟವೇ. (ಗದುಗಿನ ಭಾರತದಲ್ಲಿ ಈ ಪ್ರಸಂಗ ಹುಡುಕಬೇಡಿ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನ ಕನ್ನಡಕ್ಕೆ ತಂದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ.)

ಇಂದ್ರನ ವಾದ ಬರೀ ಕಥೆಯದ್ದಲ್ಲ. ಮನುಸ್ಮೃತಿಯ ಮೂರನೇ ಅಧ್ಯಾಯದಲ್ಲಿ, ಶ್ರಾದ್ಧದ ಊಟಕ್ಕೆ ಕೂತವರನ್ನ ನಾಯಿ ನೋಡಬಾರದು ಅಂತಿದೆ. ಅದೇ ಅಧ್ಯಾಯದಲ್ಲಿ, ದಿನವೂ ನಾಯಿಗೆ, ಕಾಗೆಗೆ ನೆಲದ ಮೇಲೆ ಮೆಲ್ಲಗೆ ಅನ್ನ ಇಡಬೇಕು ಅಂತಲೂ ಇದೆ. ಅಂದರೆ ನಾಯಿಗೆ ಅನ್ನ ಉಂಟು, ಪಂಕ್ತಿಯ ಹತ್ತಿರ ಜಾಗ ಇಲ್ಲ. ಆ ಪಟ್ಟಿಗಳಲ್ಲಿ ನಾಯಿಯ ಪಕ್ಕದಲ್ಲೇ ಯಾವ ಯಾವ ಮನುಷ್ಯರನ್ನ ಸೇರಿಸಿದ್ದಾರೆ ಅನ್ನೋದನ್ನ ಓದಿದರೆ, ಮಡಿಯ ಹೆಸರಲ್ಲಿ ನಾಯಿಯನ್ನ ಹೊರಗಿಡೋ ಉತ್ಸಾಹ ಸ್ವಲ್ಪ ತಣ್ಣಗಾಗುತ್ತೆ.

ಈಗ ನನ್ನ ಮೆಚ್ಚಿನ ಸಾಕ್ಷಿಗೆ ಬರ್ತೀನಿ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರು. ಅಲ್ಲಿ ಸಿಕ್ಕ ಕಲ್ಲೊಂದು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಕಾಲ ಸುಮಾರು ಕ್ರಿ.ಶ. 950. ಆಗಷ್ಟೇ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತಿದ್ದ, ರಾಷ್ಟ್ರಕೂಟರ ಮೂರನೇ ಕೃಷ್ಣ ಗೆದ್ದಿದ್ದ, ಅವನ ಪರವಾಗಿ ಕಾದಿದ ಗಂಗರ ಬೂತುಗ ದೊಡ್ಡ ಸೀಮೆಗಳನ್ನೇ ಪಡೆದಿದ್ದ. ಬೂತುಗನ ಬಂಟ ಮಣಲೇರ. ಅವನ ಶೌರ್ಯಕ್ಕೆ ಮೆಚ್ಚಿ, ಏನು ಬೇಕೋ ಕೇಳು ಅಂದ ಬೂತುಗ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಅನ್ನೋ ನಾಯಿಯನ್ನ.

ಆಮೇಲೆ ಕೆಳಲೆನಾಡಿನ ಬೆಳತೂರಿನ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನ ಬಿಟ್ಟರು. ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಕಲ್ಲಿನ ಮೇಲೆ ಕೆತ್ತಿರೋದು ಆ ಜಗಳವನ್ನೇ. ಯುದ್ಧ ಗೆದ್ದ ಅರಸರು ಬರೀ ಅಕ್ಷರದಲ್ಲಿದ್ದಾರೆ, ಚಿತ್ರ ಸಿಕ್ಕಿದ್ದು ನಾಯಿಗೆ ಮತ್ತು ಹಂದಿಗೆ. ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಎದುರು ಕಲ್ಲು ನೆಡಿಸಿ, ಅದಕ್ಕಾಗಿ ಎರಡು ಖಂಡುಗ ನೆಲ ಬಿಟ್ಟರು. ಪೂಜೆಯ ಹೊಣೆ ಅಲ್ಲಿನ ಗೊರವನಿಗೆ, ಅಂದರೆ ಶೈವ ಪೂಜಾರಿಗೆ. ಅವನಿಗೊಂದು ಎಚ್ಚರಿಕೆಯೂ ಇದೆ: ಕಲ್ಲನ್ನ ಪೂಜಿಸದೆ ಉಂಡರೆ, ಆ ನಾಯಿಯ ಪಾಪ ಅವನಿಗೆ. ಒಂದು ಕಡೆ ನಾಯಿ ನೋಡಿದರೆ ಊಟ ಕೆಟ್ಟಿತು. ಇನ್ನೊಂದು ಕಡೆ ನಾಯಿಯ ಕಲ್ಲಿಗೆ ಕೈ ಮುಗಿಯದೆ ಪೂಜಾರಿ ತುತ್ತು ಎತ್ತುವ ಹಾಗಿಲ್ಲ. ಎರಡೂ ನಮ್ಮದೇ. ಯಾವುದನ್ನ ಸಂಸ್ಕೃತಿ ಅನ್ನೋಣ?

ಇಷ್ಟಾದರೂ ಹಿರಿಯರ ಒಂದು ಮಾತನ್ನ ಒಪ್ಪಲೇಬೇಕು. ನಾಯಿಯನ್ನ ನೆಂಟರ ಮನೆಗೆ ಕರೆದುಕೊಂಡು ಹೋಗೋದು ನಮ್ಮಲ್ಲಿ ಹೊಸದೇ. ನನ್ನ ಅಜ್ಜನ ಮನೆಯಲ್ಲಿ ಯಾವಾಗಲೂ ನಾಯಿ ಇತ್ತು, ಆದರೆ ಅದು ಅಂಗಳದ್ದು. ಮಳೆ ಬಂದರೆ ಜಗಲಿ ಹತ್ತುತ್ತಿತ್ತು, ಹೊಸಿಲು ದಾಟುತ್ತಿರಲಿಲ್ಲ. ಮನೆಯವರೆಲ್ಲ ಮದುವೆಗೆ ಹೋದರೆ ಅದು ಮನೆ ಕಾಯುತ್ತಿತ್ತು, ಪಕ್ಕದ ಮನೆಯವರು ಅನ್ನ ಹಾಕ್ತಿದ್ದರು. ಬೆಂಗಳೂರಿನ ಮೂರನೇ ಮಹಡಿಯ ಫ್ಲಾಟಿನ ನಾಯಿಗೆ ಅಂಗಳವೂ ಇಲ್ಲ, ಜಗಲಿಯೂ ಇಲ್ಲ, ಅನ್ನ ಹಾಕೋ ಪಕ್ಕದ ಮನೆಯೂ ಇಲ್ಲ. ಅದು ಹುಟ್ಟಿದಾಗಿನಿಂದ ಹೊಸಿಲ ಒಳಗೇ ಇದೆ. ಅದನ್ನ ಊರಲ್ಲಿ ಜಗಲಿಗೆ ಕಟ್ಟಿಹಾಕಿದರೆ ರಾತ್ರಿಯಿಡೀ ಅಳುತ್ತೆ, ಮನೆಯವರಿಗೂ ನಿದ್ದೆ ಇಲ್ಲ.

ನಮ್ಮಲ್ಲಿ ಈ ದೀಪಾವಳಿಗೆ ಚಿಕ್ಕಪ್ಪನ ಮಗಳ ಲ್ಯಾಬ್ರಡಾರ್ ಬರಬಹುದಾ ಅನ್ನೋ ವಿಷಯ ಎದ್ದಾಗ ಬೇಡ ಅಂದವರು ದೊಡ್ಡಮ್ಮ. ಮಡಿ, ದೇವರಮನೆ ಅಂತೆಲ್ಲ ಹೇಳಿದರು. ನಾನು ಫೋನ್ ಮಾಡಿ ಆತಕೂರಿನ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ ಕಣೋ, ನಮ್ಮಣ್ಣಂಗೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿದ್ದನ್ನ ನೀನು ನೋಡಿಲ್ಲ" ಅಂದರು.

ಆಗ ಹೊಳೀತು. ಹುಚ್ಚುನಾಯಿ ಕಡಿತಕ್ಕೆ ನಮ್ಮಲ್ಲಿ ದಶಕಗಳ ಕಾಲ ಕೊಟ್ಟದ್ದು, ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಸೆಂಪಲ್ ಲಸಿಕೆ. ದಿನಕ್ಕೊಂದರಂತೆ ಹೊಟ್ಟೆಗೇ ಚುಚ್ಚಬೇಕಿತ್ತು. ಕೆಲವರಿಗೆ ಆ ಲಸಿಕೆಯಿಂದಲೇ ನರಗಳಿಗೆ ಪೆಟ್ಟಾಗುತ್ತಿತ್ತು. ಭಾರತ ಅದನ್ನ ಪೂರ್ತಿ ಕೈಬಿಟ್ಟದ್ದು 2005ರ ಹೊತ್ತಿಗೆ. ತೋಳಿಗೆ ನಾಲ್ಕೈದು ಇಂಜೆಕ್ಷನ್ ತಗೊಂಡು ಆಫೀಸಿಗೆ ಹೋಗೋ ನಮಗೆ ಆ ಹೆದರಿಕೆ ಅರ್ಥವಾಗಲ್ಲ. ಅವರ ಪೀಳಿಗೆಯಲ್ಲಿ ಎಷ್ಟೋ ಸಲ ಮಡಿ ಅನ್ನೋದು ಈ ಭಯಕ್ಕೆ ಹೊದಿಸಿದ ಮರ್ಯಾದೆಯ ಪಂಚೆ.

ತಂಗಿ ನಾಯಿಯ ಲಸಿಕೆ ಪುಸ್ತಕದ ಫೋಟೋ ಕಳಿಸಿದಳು. ದೊಡ್ಡಮ್ಮ ತಾರೀಖು ಓದಿಸಿ ಕೇಳಿದರು. ಎರಡು ದಿನ ಬಿಟ್ಟು ಅವರದ್ದೇ ಫೋನು: "ನಮ್ಮ ಜಗಲಿ ಮೇಲಿರೋದಕ್ಕೂ ಇದನ್ನ ಹಾಕಿಸಬಹುದೇನೋ? ಪಶುವೈದ್ಯರು ಯಾವ ದಿನ ಇರ್ತಾರೆ ಕೇಳು."