ತೀವ್ರ ಅಸ್ವಸ್ಥ ಮಕ್ಕಳಿಗೆ ಉಸಿರಾಟದ ನಳಿಕೆ ಅಳವಡಿಕೆ: ಪೋಷಕರಿಗೆ ಸುರಕ್ಷತಾ ಮಾಹಿತಿ

ತೀವ್ರ ನ್ಯುಮೋನಿಯಾ, ನಿಲ್ಲದ ಅಪಸ್ಮಾರ, ತಲೆಗೆ ಬಿದ್ದ ಪೆಟ್ಟು ಮುಂತಾದ ಕಾರಣಗಳಿಂದ ಮಗುವು ಸ್ವತಃ ಸಾಕಷ್ಟು ಉಸಿರಾಡಲಾರದ ಸ್ಥಿತಿಗೆ ತಲುಪಿದಾಗ, ಬಾಯಿ ಅಥವಾ ಮೂಗಿನ ಮೂಲಕ ಶ್ವಾಸನಾಳಕ್ಕೆ ನಳಿಕೆಯನ್ನು ಇಳಿಸಿ ವೆಂಟಿಲೇಟರ್‌ಗೆ ಜೋಡಿಸಲಾಗುತ್ತದೆ. ಇದು ಪ್ರಾಣರಕ್ಷಕ ವಿಧಾನವಾಗಿದ್ದರೂ ಅಪಾಯರಹಿತವಲ್ಲ.

ವಯಸ್ಕರಿಗೆ ಹೋಲಿಸಿದಲ್ಲಿ ಮಕ್ಕಳ ದೇಹತೂಕಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚು, ಶ್ವಾಸಕೋಶದಲ್ಲಿನ ಸಂಗ್ರಹ ಕಡಿಮೆ. ಆದ್ದರಿಂದ ನಳಿಕೆ ಹಾಕುವಾಗ ಉಸಿರು ನಿಂತ ಅಲ್ಪಾವಧಿಯಲ್ಲಿಯೇ ಆಮ್ಲಜನಕದ ಮಟ್ಟ ಕುಸಿದು, ಹೃದಯ ಬಡಿತವೂ ನಿಧಾನವಾಗಬಹುದು. ಅಮೆರಿಕದ ನೇತೃತ್ವದಲ್ಲಿ 15 ಮಕ್ಕಳ ತೀವ್ರ ನಿಗಾ ಘಟಕಗಳಿಂದ ಸಂಗ್ರಹಿಸಿ 2013ರಲ್ಲಿ ಪ್ರಕಟಿಸಲಾದ ಮಾಹಿತಿಯಂತೆ, 1,715 ಪ್ರಕರಣಗಳ ಪೈಕಿ ಶೇ. 20ರಲ್ಲಿ ಅನಪೇಕ್ಷಿತ ಘಟನೆಗಳು ಸಂಭವಿಸಿದ್ದವು, ಶೇ. 6ರಲ್ಲಿ ಅವು ಗಂಭೀರವಾಗಿದ್ದವು. ಪ್ರಯತ್ನಗಳ ಸಂಖ್ಯೆ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ಆದಕಾರಣ ಅನುಭವಿ ವೈದ್ಯರಿಗಾಗಿ ಕೆಲವು ನಿಮಿಷ ಕಾಯುವುದು ಅನೇಕ ಬಾರಿ ವಿಳಂಬವಲ್ಲ, ಮುನ್ನೆಚ್ಚರಿಕೆಯೇ ಆಗಿರುತ್ತದೆ.

ಆ ಅವಧಿಯಲ್ಲಿ ಮುಖಕ್ಕೆ ಮಾಸ್ಕ್ ಇರಿಸಿ, ಬ್ಯಾಗ್ ಒತ್ತಿ ಉಸಿರು ನೀಡಲಾಗುತ್ತದೆ. ಇದನ್ನು ಕೀಳು ಚಿಕಿತ್ಸೆಯೆಂದು ಭಾವಿಸಬಾರದು. ಲಾಸ್ ಏಂಜಲೀಸ್ ಮತ್ತು ಆರೆಂಜ್ ಕೌಂಟಿಗಳಲ್ಲಿ 830 ಮಕ್ಕಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಸ್ಪತ್ರೆ ತಲುಪುವ ಮುನ್ನ ನಳಿಕೆ ಹಾಕುವ ಕ್ರಮವು ಬ್ಯಾಗ್-ಮಾಸ್ಕ್ ವಿಧಾನಕ್ಕಿಂತ ಹೆಚ್ಚು ಜೀವಗಳನ್ನು ಉಳಿಸಲಿಲ್ಲ. ಆಂಬ್ಯುಲೆನ್ಸ್‌ನಲ್ಲಿ ನಳಿಕೆ ಹಾಕಲಿಲ್ಲವೆಂಬ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗುವುದಿಲ್ಲ.

ನಳಿಕೆಯ ಸ್ಥಾನ

ನವಜಾತ ಶಿಶುವಿನ ಶ್ವಾಸನಾಳದ ಉದ್ದ ಸುಮಾರು 4ರಿಂದ 5 ಸೆಂ.ಮೀ. ಮಾತ್ರ. ಕತ್ತು ಬಾಗಿದರೆ ನಳಿಕೆಯು ಒಳಸರಿದು ಒಂದೇ ಶ್ವಾಸಕೋಶಕ್ಕೆ ಗಾಳಿ ಹೋಗಬಹುದು. ಕತ್ತು ಹಿಂದಕ್ಕೆ ವಾಲಿದರೆ ಹೊರಬರಬಹುದು. ನಳಿಕೆಯು ಅನ್ನನಾಳಕ್ಕೆ ಹೋಗಿಲ್ಲವೆಂಬುದನ್ನು ಖಚಿತಪಡಿಸಲು ಎದೆಯ ಚಲನೆ ಮತ್ತು ಸ್ಟೆತಸ್ಕೋಪ್ ಮಾತ್ರ ಸಾಲವು; ಹೊರಬರುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆಯೇ ಎಂದು ಪರೀಕ್ಷಿಸಬೇಕು. ಎಕ್ಸ್-ರೇಯಿಂದ ನಳಿಕೆ ಎಷ್ಟು ಆಳದಲ್ಲಿದೆಯೆಂಬುದು ತಿಳಿಯುತ್ತದೆ.

ಪೋಷಕರು ಗಮನಿಸತಕ್ಕ ಅಂಶಗಳು

ಮಗು ಕೊನೆಯದಾಗಿ ಆಹಾರ ಅಥವಾ ಹಾಲು ಸೇವಿಸಿದ ಸಮಯ, ತೂಕ, ಔಷಧಿಗಳ ಅಲರ್ಜಿ, ಹೃದಯದ ತೊಂದರೆ, ಅಲುಗಾಡುವ ಹಲ್ಲು ಹಾಗೂ ಹಿಂದೆ ಅರಿವಳಿಕೆ ನೀಡಿದಾಗ ಆದ ತೊಂದರೆಗಳನ್ನು ಕೇಳದಿದ್ದರೂ ತಿಳಿಸತಕ್ಕದ್ದು. ನಳಿಕೆಯು ಧ್ವನಿತಂತುಗಳ ನಡುವೆ ಹಾದುಹೋಗುವುದರಿಂದ ಮಗುವಿನ ಅಳು ಕೇಳಿಸುವುದಿಲ್ಲ. ಅಳು ಕೇಳಿಸಿದಲ್ಲಿ ನಳಿಕೆಯು ಸರಿದಿರುವ ಅಥವಾ ಅದರ ಸುತ್ತ ಗಾಳಿ ಸೋರುತ್ತಿರುವ ಸಾಧ್ಯತೆ ಇದ್ದು, ಕೂಡಲೇ ಶುಶ್ರೂಷಕಿಯರ ಗಮನಕ್ಕೆ ತರಬೇಕು. ಅವರ ನೆರವಿಲ್ಲದೆ ಮಗುವನ್ನು ಎತ್ತುವುದಾಗಲಿ, ಮಗ್ಗುಲು ಬದಲಿಸುವುದಾಗಲಿ ಕೂಡದು.

ಒಪ್ಪಿಗೆ ಮತ್ತು ದಾಖಲೆಗಳು

ಸಾಮಾನ್ಯವಾಗಿ ಪೋಷಕರ ಲಿಖಿತ ಒಪ್ಪಿಗೆ ಪಡೆಯಲಾಗುತ್ತದೆ. ಸಹಿ ಮಾಡುವ ಮುನ್ನ ನಳಿಕೆಯ ಅಗತ್ಯ, ಅದನ್ನು ಹಾಕುವವರು ಯಾರು, ವಿಫಲವಾದಲ್ಲಿ ಪರ್ಯಾಯವೇನು ಎಂದು ವಿಚಾರಿಸಬಹುದು. ಪೋಷಕರು ಸ್ಥಳದಲ್ಲಿಲ್ಲದೆ, ಅವರಿಂದ ಒಪ್ಪಿಗೆ ಪಡೆಯಲು ಸಮಯವೂ ಇಲ್ಲದ ತುರ್ತಿನಲ್ಲಿ ಮಗುವಿನ ಹಿತಕ್ಕಾಗಿ ಸದ್ಭಾವನೆಯಿಂದ ನೀಡಿದ ಚಿಕಿತ್ಸೆಗೆ ಭಾರತೀಯ ನ್ಯಾಯ ಸಂಹಿತೆ, 2023ರ 30ನೇ ಕಲಮಿನಡಿ ರಕ್ಷಣೆ ಇದೆ.

ಬೇರೆ ಆಸ್ಪತ್ರೆಗೆ ವರ್ಗಾಯಿಸುವಾಗ ನಳಿಕೆಯ ಅಳತೆ, ಅದನ್ನು ಅಂಟಿಸಿರುವ ಸೆಂ.ಮೀ. ಗುರುತು ಮತ್ತು ಹಾಕಿದ ದಿನಾಂಕ ವರ್ಗಾವಣೆ ಪತ್ರದಲ್ಲಿ ನಮೂದಾಗಿದೆಯೇ ಎಂದು ನೋಡಿಕೊಳ್ಳತಕ್ಕದ್ದು. ವೈದ್ಯಕೀಯ ದಾಖಲೆಗಳನ್ನು ಕೋರಿದಲ್ಲಿ, 2002ರ ವೈದ್ಯಕೀಯ ಮಂಡಳಿಯ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ 72 ಗಂಟೆಗಳೊಳಗೆ ಅವುಗಳನ್ನು ಒದಗಿಸಬೇಕಾಗುತ್ತದೆ.