ಯೋಜನಾ ತಂಡಗಳ ರಚನೆ ಮತ್ತು ನಿರ್ವಹಣೆ

ನಿಗದಿತ ಅವಧಿಯ ಯೋಜನೆಗಳಿಗೆ ಸಿಬ್ಬಂದಿಯು ಸಾಮಾನ್ಯವಾಗಿ ವಿವಿಧ ಇಲಾಖೆ ಹಾಗೂ ಸಂಸ್ಥೆಗಳಿಂದ ನಿಯೋಜನೆಯ ಮೇರೆಗೆ ಬರುತ್ತಾರೆ. ಆದುದರಿಂದ ಯಾವ ಕಾರ್ಯಕ್ಕೆ ಯಾರು ಹೊಣೆ ಎಂಬುದನ್ನು ಆರಂಭದಲ್ಲಿಯೇ ಲಿಖಿತವಾಗಿ ನಿಗದಿಪಡಿಸುವುದು ಅವಶ್ಯಕ.

ಉದಾಹರಣೆಗೆ, ಕರ್ನಾಟಕದ ಕಂದಾಯ ಇಲಾಖೆಯು 2000ರ ದಶಕದ ಆರಂಭದಲ್ಲಿ ಜಾರಿಗೊಳಿಸಿದ ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ತಂತ್ರಾಂಶವನ್ನು ಎನ್.ಐ.ಸಿ. ಸಂಸ್ಥೆಯು ಸಿದ್ಧಪಡಿಸಿತು, ದತ್ತಾಂಶ ನಮೂದನ್ನು ಖಾಸಗಿ ಸಂಸ್ಥೆಗಳು ನಿರ್ವಹಿಸಿದವು, ಕೈಬರಹದ ಮೂಲ ದಾಖಲೆಯೊಂದಿಗೆ ತಾಳೆ ನೋಡುವ ಹೊಣೆ ಗ್ರಾಮ ಲೆಕ್ಕಿಗರದಾಗಿತ್ತು. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೂ ರೈತರಿಗೆ ಬೆಳೆಸಾಲ ಪಡೆಯುವುದು ಕಷ್ಟವಾಗುವುದರಿಂದ, ದಾಖಲೆಗಳನ್ನು ಬಲ್ಲವರು ತಂಡದಲ್ಲಿರುವುದು ಅನಿವಾರ್ಯವಾಗಿತ್ತು.

ತಂಡ ರಚಿಸುವಾಗ ಗಮನಿಸಬೇಕಾದ ಅಂಶಗಳು:

1. ತಾಂತ್ರಿಕ ಪರಿಣತರೊಡನೆ ಕ್ಷೇತ್ರಾನುಭವವುಳ್ಳವರನ್ನೂ ಸೇರಿಸುವುದು.

2. ವಾರ್ಷಿಕ ಕಾರ್ಯನಿರ್ವಹಣಾ ವರದಿಯನ್ನು ಯಾರು ಬರೆಯತಕ್ಕದ್ದು ಎಂಬುದನ್ನು ನಿಯೋಜನಾ ಆದೇಶದಲ್ಲಿಯೇ ಸ್ಪಷ್ಟಪಡಿಸುವುದು. ಇಬ್ಬರು ಮೇಲಧಿಕಾರಿಗಳ ನಡುವೆ ನೌಕರರು ಸಿಲುಕಬಾರದು.

3. ವರ್ಗಾವಣೆಯ ಸಂದರ್ಭದಲ್ಲಿ ಪ್ರಭಾರ ಪಟ್ಟಿಯೊಂದಿಗೆ ಬಾಕಿ ಕಾರ್ಯಗಳ ಟಿಪ್ಪಣಿಯನ್ನೂ ಹಸ್ತಾಂತರಿಸುವುದು.

ತಂಡವು ವಿಸರ್ಜನೆಗೊಂಡ ನಂತರವೂ ಸಾರ್ವಜನಿಕರಿಗೆ ಸೇವೆ ದೊರೆಯುತ್ತಿರಬೇಕು. ಆದ್ದರಿಂದ ಯೋಜನೆ ಮುಕ್ತಾಯಗೊಳ್ಳುವ ಮುನ್ನವೇ ಕಚೇರಿಯ ಖಾಯಂ ಸಿಬ್ಬಂದಿಗೆ ತರಬೇತಿ ನೀಡಿ, ಕಾರ್ಯವನ್ನು ವಹಿಸಿಕೊಡತಕ್ಕದ್ದು.